ಮುಸಫ್ಫಾ ವ್ಯಾನಿನಲ್ಲಿ ಆ್ಯಂಟ್‌ವರ್ಪ್

ಕರಾಮ

ನನ್ನ ಪಾಸ್‌ಪೋರ್ಟಿನ ಮೊದಲ ಮುದ್ರೆ ಆಮ್‌ಸ್ಟರ್‌ಡಾಮಿನದ್ದಾಗಿರಬೇಕೆಂದು ನನಗೆ ಬಹಳ ಆಸೆಯಿತ್ತು. ಮೂಡುಬಿದಿರೆ ಹತ್ತಿರದ ಕಾಲೇಜೊಂದರಲ್ಲಿ ಯುರೋಪಿನ ಆರ್ಥಿಕ ಇತಿಹಾಸ ಪಾಠ ಮಾಡುತ್ತಲೇ ತಲೆ ನರೆತವಳು ನಾನು. ಲಿಸ್ಬನ್ನಿಗೆ ಮೆಣಸು ಬಂದು ಇಳಿದದ್ದು, ಅದನ್ನು ಕೇಳಿ ವೆನಿಸ್ಸಿನ ವ್ಯಾಪಾರಿಗಳು ಕಂಗಾಲಾದದ್ದು, ಹಾಲೆಂಡಿನ ಪೇಟೆಗಳಲ್ಲಿ ರೊಟ್ಟಿ ಸುಡುವವನ ಮನೆಗೂ ಚೀನಾದ ತಟ್ಟೆ ಮತ್ತು ಸಕ್ಕರೆ ಹೊಕ್ಕದ್ದು, ಇದನ್ನೆಲ್ಲ ಕಣ್ಣಾರೆ ಕಂಡವಳ ಹಾಗೆ ಹೇಳುತ್ತೇನೆ. ಕಣ್ಣಾರೆ ಕಂಡದ್ದು ಮಂಗಳೂರಿನ ಹಳೇ ಬಂದರು ಮಾತ್ರ. ಹೀಗಿರುವಾಗ ಈ ದಸರಾ ರಜೆಯಲ್ಲಿ ಮೊದಲ ಮುದ್ರೆ ಬಿತ್ತು. ಅದು ದುಬೈಯದ್ದು.

ಕರೆದವಳು ಹಿಲ್ಡಾ. ನಮ್ಮ ಕಾಲೇಜಿನಲ್ಲಿ ಅಕೌಂಟೆನ್ಸಿ ಹೇಳುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವಳ ಮೇಜು ನನ್ನ ಮೇಜಿಗೆ ತಾಗಿಕೊಂಡಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವಳ ಮೀನು ಸಾರಿನ ವಾಸನೆಗೆ ನಾನು ಮುಖ ಆಚೆ ತಿರುಗಿಸುವುದು, ನನ್ನ ಪೋರ್ಚುಗೀಸರ ಪುರಾಣಕ್ಕೆ ಅವಳು ಆಕಳಿಸುವುದು, ಹೀಗೆ ನಮ್ಮ ಸ್ನೇಹ. ಗಂಡ ಲಾರೆನ್ಸನಿಗೆ ದುಬೈಯ ಹೋಟೆಲಿನಲ್ಲಿ ಕೆಲಸ ಸಿಕ್ಕಿದಾಗ ಅವಳೂ ರಾಜೀನಾಮೆ ಕೊಟ್ಟು ಹೋದಳು. ಈಗ ಕರಾಮದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮನೆ. ಕೆಲಸ ಅಬುಧಾಬಿಯ ಮುಸಫ್ಫಾದಲ್ಲಿ, ಕಬ್ಬಿಣದ ಪೈಪು ಬೆಸೆಯುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ.

ಉಡುಗೊರೆಯೆಂದು ಊರಿಂದ ಎರಡು ಕಿಲೋ ಕಾಳುಮೆಣಸು ಹೊತ್ತುಕೊಂಡು ಹೋಗಿದ್ದೆ. ಮೆಣಸಿನ ವ್ಯಾಪಾರದ ಮೇಲೆ ಡಾಕ್ಟರೇಟ್ ಮಾಡಿದವಳಿಗೆ ಅಷ್ಟೂ ತಿಳಿಯಬೇಡವೇ? ಹಿಲ್ಡಾಳ ಕಟ್ಟಡದ ಕೆಳಗಿನ ದಿನಸಿ ಅಂಗಡಿಯಲ್ಲಿ ನನ್ನದಕ್ಕಿಂತ ದಪ್ಪ ಕಾಳಿನ, ಕಲ್ಲಿಲ್ಲದ, ಧೂಳಿಲ್ಲದ ಮೆಣಸು ಮೂರು ದೇಶದ್ದು ಇತ್ತು. ಪಕ್ಕದಲ್ಲೇ ಬಸಳೆ ಕಟ್ಟು, ಕುಚ್ಚಲಕ್ಕಿ, ಮೀನು ಸಾರಿಗೆ ಹಾಕುವ, ನಮ್ಮೂರಿನಲ್ಲೇ ಈಗ ಸರಿಯಾಗಿ ಸಿಗದ ಕೊಡಂಪುಳಿ. ಒಂದು ಕಾಳೂ ಬೆಳೆಯದ ಊರಲ್ಲಿ ಬೆಳೆದವರ ಮನೆಗಿಂತ ಹೆಚ್ಚು ಸಾಮಾನು. ಆಮ್‌ಸ್ಟರ್‌ಡಾಮ್ ಹೀಗೆಯೇ ಇತ್ತು ಎಂದು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದದ್ದುಂಟು. ಹಿಲ್ಡಾ ಅದರ ಮೇಲಿನ ಮಹಡಿಯಲ್ಲಿ ಸಂಸಾರ ಮಾಡುತ್ತಿದ್ದಾಳೆ.

"ಬ್ರೆಡ್ ಖಾಲಿ ಆಗಿದೆ" ಎಂದು ಅವಳು ಅಂಗಡಿಗೆ ಫೋನ್ ಮಾಡಿದಳು. ಒಂದೇ ಒಂದು ಪ್ಯಾಕೆಟ್ ಬ್ರೆಡ್ ಲಿಫ್ಟು ಹತ್ತಿ ಬಾಗಿಲಿಗೆ ಬಂತು. ಬೆಂಕಿಪೊಟ್ಟಣವಾದರೂ ಹೀಗೇ ಬರುತ್ತದಂತೆ.

"ನೀನು ಇಳಿದು ಹೋಗಿ ತರುದಿಲ್ವಾ?" ಎಂದೆ.

"ಎಂತಕ್ಕೆ ಮಾರಾಯ್ತಿ? ಬೆಳಿಗ್ಗೆ ಕತ್ತಲೆಗೆ ಹೋದವಳು ಸಂಜೆ ಬರುದು. ಆಮೇಲೆ ಮೆಟ್ಟಿಲಿಳಿದು ಬ್ರೆಡ್ಡೂ ತರ್ಬೇಕಾ?"

ನನಗೆ ಅಲ್ಲಿಂದಲೇ ಹೊಟ್ಟೆಕಿಚ್ಚು ಶುರುವಾಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಪ್ರವಾಸದ ಬಗ್ಗೆ ಹೇಳಲು ನನ್ನಲ್ಲಿ ಬೇರೇನೂ ಉಳಿಯುವುದಿಲ್ಲ. ಆದರೆ ಬ್ರೆಡ್ಡು, ಮೆಣಸು, ಲಿಫ್ಟಿನ ಹೊಟ್ಟೆಕಿಚ್ಚೆಲ್ಲ ಒಂದು ಲೆಕ್ಕಕ್ಕೇ ಅಲ್ಲ. ನಿಜವಾದದ್ದು ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಕಾದಿತ್ತು.

ಹೆದ್ದಾರಿ

ದುಬೈಯಿಂದ ಅಬುಧಾಬಿಗೆ ದಿನಾ ಕೆಲಸಕ್ಕೆ ಹೋಗುವವರು ಹತ್ತು ಹನ್ನೆರಡು ಜನ ಸೇರಿ ತಿಂಗಳಿಗೆ ಇಷ್ಟೆಂದು ಒಂದು ವ್ಯಾನು ಗೊತ್ತು ಮಾಡಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಕಾರ್‌ಲಿಫ್ಟ್ ಎಂಬ ಹೆಸರು. ಹಿಲ್ಡಾಳ ವ್ಯಾನಿನವರು ಹೆಚ್ಚುಕಮ್ಮಿ ನಮ್ಮ ಕಡೆಯವರೇ. ಓಡಿಸುವ ಅಬೂಬಕ್ಕರ್ ಉಪ್ಪಳದವರು, ತುಳು, ಕನ್ನಡ, ಮಲಯಾಳಂ, ಹಿಂದಿ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಹಾಕುವ ಪೈಕಿ. ಮುಂದಿನ ಸೀಟಿನಲ್ಲಿ ಕಿನ್ನಿಗೋಳಿಯ ಸುರೇಶ, ಹಿಲ್ಡಾಳ ಕಂಪನಿಯಲ್ಲೇ ಸೇಫ್ಟಿ ಆಫೀಸರ್. ಹಿಲ್ಡಾಳ ಪಕ್ಕ ಮಂಡ್ಯ ಕಡೆಯ ಸವಿತಾ, ಅದೇ ರಸ್ತೆಯ ಇನ್ನೊಂದು ಆಫೀಸಿನವಳು. ಒಂದು ಸೀಟು ಖಾಲಿಯಿದ್ದುದರಿಂದ ನನಗೆ ಜಾಗ ಸಿಕ್ಕಿತು. ಹಗಲೆಲ್ಲ ಅಬುಧಾಬಿ ನೋಡುವುದು, ಸಂಜೆ ಅದೇ ವ್ಯಾನಿನಲ್ಲಿ ಮರಳುವುದು ಎಂದು ಮಾತಾಗಿತ್ತು.

ಊರು ದಾಟಿ ಹೆದ್ದಾರಿ ಸಿಕ್ಕಿದ ಕೂಡಲೇ ಒಂದು ವಿಚಿತ್ರ ನಡೆಯಿತು. ಅಬೂಬಕ್ಕರ್ ರೇಡಿಯೋ ಬಂದ್ ಮಾಡಿದರು. ಸುರೇಶ ಕಿವಿಯಿಂದ ಇಯರ್‌ಫೋನ್ ಕಿತ್ತು ಕಿಸೆಗೆ ಹಾಕಿ ಹಿಂದಕ್ಕೆ ತಿರುಗಿ ಕೂತ. ಹಿಲ್ಡಾ ಗಂಟಲು ಸರಿಮಾಡಿಕೊಂಡಳು.

"ಎಲ್ಲಿಗೆ ನಿಲ್ಸಿದ್ದು ನಾನು?"

"ಲಂಡನ್ನಲ್ಲಿ ಹೆಂಗಸರು ಸೀರೆ ಬಟ್ಟೆ ತಗೊಳ್ಳೋಕೆ ಮುಗಿಬಿದ್ರಲ್ಲ, ಅಲ್ಲಿಗೆ" ಎಂದಳು ಸವಿತಾ.

"ಸೀರೆ ಅಲ್ಲ. ನಮ್ಮ ಕಡೆಯ ಹೂವಿನ ಹತ್ತಿ ಬಟ್ಟೆ. ತೆಳು, ಚಂದ, ಒಗೆದ್ರೆ ಬಣ್ಣ ಹೋಗುದಿಲ್ಲ. ಅವರದ್ದು ಎಂತ? ಉಣ್ಣೆ. ಒಗೀಲಿಕ್ಕೆ ಆಗುದಿಲ್ಲ, ಮೈಯೆಲ್ಲ ತುರಿಕೆ. ಹೀಗಾಗಿ ದೊಡ್ಡ ಮನೆಯ ಹೆಂಗಸೂ ಅದನ್ನೇ ಹಾಕಿದ್ಲು, ಅವಳ ಮನೆ ಕೆಲಸದವಳೂ ಅದನ್ನೇ ಹಾಕಿದ್ಲು. ಹಿಂದಿನಿಂದ ನೋಡಿದ್ರೆ ಯಾರು ಯಾರು ಅಂತ ಗೊತ್ತಾಗುದಿಲ್ಲ. ಆಗ ಅಲ್ಲಿನ ನೇಕಾರರಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಸರ್ಕಾರಕ್ಕೆ ಹೇಳಿ ಆ ಬಟ್ಟೆಯನ್ನೇ ಬಂದ್ ಮಾಡ್ಸಿದ್ರು."

"ಆಮೇಲೆ ಯಾರೂ ಹಾಕಿಲ್ವಾ?"

"ಬಿಡ್ತಾರಾ? ಮೇರಿ ಅಂತ ಒಬ್ಳು ಇದ್ಲು. ಹಟದವಳು. ಉಟ್ಕೊಂಡೇ ಪೇಟೆಗೆ ಹೋದ್ಲು. ನೇಕಾರರು ರಸ್ತೇಲಿ ಸುತ್ತು ಹಾಕಿ ನಿಂತು ಪರಪರ ಹರಿದು ಹಾಕಿದ್ರು."

"ಮೈಮೇಲಿದ್ದ ಬಟ್ಟೇನಾ?"

"ಮೈಮೇಲಿದ್ದದ್ದನ್ನೇ."

ಮೇರಿಗೆ ಮತ್ತೆ ಎಂತ ಆಯಿತೆಂದು ಸುರೇಶ ಕೇಳಿದ. ಕನ್ನಡಿಯಲ್ಲಿ ಅಬೂಬಕ್ಕರ್ ಅವರ ಕಣ್ಣು ಕೂಡ ಅದನ್ನೇ ಕೇಳುತ್ತಿತ್ತು.

ಮೇರಿಯೆಂಬವಳು ಯಾವ ದಾಖಲೆಯಲ್ಲೂ ಇಲ್ಲ. ಉಳಿದದ್ದೆಲ್ಲ ನನ್ನದು. ನಾನು ಬುತ್ತಿ ಬಿಚ್ಚಿದಾಗ ಹೇಳಿದ್ದು, ಅವಳು ಆಕಳಿಸುತ್ತ ಕೇಳಿದ್ದು. ತುರಿಕೆಯ ಮಾತು ಕೂಡ ನನ್ನದೇ. ಇದೇ ಅಧ್ಯಾಯವನ್ನು ನಾನು ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ಕೇಳುವ ಪ್ರಶ್ನೆ ಒಂದೇ, ಇದು ಎಷ್ಟು ಮಾರ್ಕಿಗೆ ಬರುತ್ತದೆ ಮೇಡಂ ಎಂದು. ಆ ಮಕ್ಕಳು ಕೂಡ ಈಗ ಬೆರಳೆಣಿಕೆಗೆ ಇಳಿದಿದ್ದಾರೆ. ಬರುವ ವರ್ಷದಿಂದ ನಾನು ಪಾಠ ಮಾಡುವ ಪತ್ರಿಕೆಯನ್ನೇ ಕೈಬಿಡುವುದೆಂದು ಕಾಲೇಜಿನಲ್ಲಿ ತೀರ್ಮಾನವಾಗಿದೆ, ಅದರ ಬದಲು ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದು ಕಲಿಸುತ್ತಾರಂತೆ. ಈ ಸಂಗತಿಯನ್ನು ನಾನು ಹಿಲ್ಡಾಳಿಗೆ ಹೇಳಿರಲಿಲ್ಲ.

ನಾನು ಕಿಟಕಿಯಾಚೆ ಮರಳು ನೋಡುತ್ತ ಕೂತೆ. ಬೆಳೆಯುವವರೊಬ್ಬರು, ಲಾಭ ಮಾಡುವವರು ಇನ್ನೊಬ್ಬರು ಎಂದು ಡಚ್ಚರ ಬಗ್ಗೆ ನಾನು ಎಷ್ಟು ಸಲ ಹೇಳಿದ್ದೇನೋ. ನನ್ನ ಸರಕು ಹಿಲ್ಡಾಳ ಬಂದರಿನಲ್ಲಿ ಇಷ್ಟು ಒಳ್ಳೆಯ ಬೆಲೆಗೆ ಹೋಗುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ಖಾಲಿದಿಯಾ

ಮುಸಫ್ಫಾದಲ್ಲಿ ಅವರನ್ನೆಲ್ಲ ಇಳಿಸಿದ ಮೇಲೆ ನಾನು ಬಸ್ಸು ಹಿಡಿದು ಅಬುಧಾಬಿ ದ್ವೀಪದ ಒಳಗೆ, ಖಾಲಿದಿಯಾಕ್ಕೆ ಹೋದೆ. ಬಸ್ಸಿನ ಮುಂದಿನ ಸೀಟುಗಳು ಹೆಂಗಸರಿಗೆ. ಗಂಡಸರು ಹಿಂದೆ ಒತ್ತಿಕೊಂಡು ನಿಂತಿದ್ದರೂ ಮುಂದೆ ಖಾಲಿ ಇದ್ದದ್ದರಲ್ಲಿ ಒಬ್ಬನೂ ಕೂರಲಿಲ್ಲ. ನಮ್ಮ ಮೂಡುಬಿದಿರೆ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಗಟ್ಟಿಯಾಗಿ ನಿದ್ದೆ ಹೋದವರ ಹಾಗೆ ಕೂರುವ ಗಂಡಸರ ನೆನಪಾಗಿ ಇದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು.

ಬಸ್ಸಿನಿಂದ ಇಳಿದ ಕ್ಷಣ ಕಣ್ಣು ಕಾಣಲಿಲ್ಲ. ಒಳಗಿನ ಎಸಿ ಚಳಿಯಿಂದ ಹೊರಗಿನ ಹಸಿ ಸೆಕೆಗೆ ಬಂದರೆ ಕನ್ನಡಕದ ಮೇಲೆ ಮಂಜು ಕೂತುಬಿಡುತ್ತದೆ. ಒರೆಸಿದರೂ ಮತ್ತೆ ಕೂರುತ್ತದೆ. ಹಾಗೆ ಕುರುಡಿಯಂತೆ ನಿಂತವಳನ್ನು ಬುರ್ಖಾದ ಹೆಂಗಸೊಬ್ಬರು ಮೊಣಕೈ ಹಿಡಿದು ಫುಟ್‌ಪಾತಿಗೆ ಹತ್ತಿಸಿ, ಏನನ್ನೋ ಹೇಳಿ ಹೋದರು. ಬೈದರೋ ಹರಸಿದರೋ ತಿಳಿಯಲಿಲ್ಲ.

ಸೆಕೆ ತಾಳದೆ ಪಿಂಗಾಣಿ ಪಾತ್ರೆಯ ಅಂಗಡಿಯೊಂದಕ್ಕೆ ನುಗ್ಗಿದೆ. ಅಲ್ಲಿ ಅದೇ ಹೆಂಗಸು. ಕಾಫಿಯ ಪುಟ್ಟ ಕಪ್ಪುಗಳನ್ನು ಒಂದೊಂದಾಗಿ ಎತ್ತಿ ದೀಪಕ್ಕೆ ಹಿಡಿದು ನೋಡುತ್ತಾರೆ, ಉಗುರಿನಿಂದ ಅಂಚಿಗೆ ಬಡಿದು ಕಿವಿಗೆ ಹಿಡಿಯುತ್ತಾರೆ, ನಾದ ಸರಿಯಿಲ್ಲವೆಂದರೆ ಪಕ್ಕಕ್ಕಿಡುತ್ತಾರೆ. ನನ್ನ ಅಮ್ಮ ಸಂತೆಯಲ್ಲಿ ಮಣ್ಣಿನ ಅಳಗೆ ಕೊಳ್ಳುವಾಗ ಹೀಗೇ ಬಡಿಯುತ್ತಿದ್ದಳು. ಹಾಲೆಂಡಿನ ಹೆಂಗಸರೂ ಚೀನಾದ ಹಡಗು ಬಂದಾಗ ಹೀಗೇ ಬಡಿದು ನೋಡಿರಬೇಕು. ಅದೆಷ್ಟು ಆಸೆಪಟ್ಟರೆಂದರೆ, ಕೊಳ್ಳಲಾರದವರಿಗಾಗಿ ಡೆಲ್ಫ್ಟ್ ಊರಿನ ಕುಂಬಾರರು ಬಿಳಿ ಬಣ್ಣ ಬಳಿದ ಮಣ್ಣಿನ ಮೇಲೆ ನೀಲಿಯಲ್ಲಿ ಚೀನಾದ ಸೇತುವೆ, ಚೀನಾದ ಹಕ್ಕಿ ಬರೆದು ಮಾರಿದರು. ಚೀನಾ ನೋಡದವರು ಬರೆದ ಚೀನಾ. ಆಮ್‌ಸ್ಟರ್‌ಡಾಮ್ ನೋಡದೆ ಅದರ ಪಾಠ ಹೇಳುವವಳು ಅವರನ್ನು ನೋಡಿ ನಗುವಂತಿಲ್ಲ.

ಇಷ್ಟೆಲ್ಲ ಯೋಚಿಸುತ್ತ ನಾನೂ ಒಂದು ಕಪ್ಪನ್ನು ಉಗುರಿನಿಂದ ಬಡಿದೆ. ಬಡಿದ ಮೇಲೆ ಕೊಳ್ಳದೆ ಹೊರಬರುವ ಕಲೆ ನನಗೆ ತಿಳಿಯದು. ಅಂಗಡಿಯ ಮಲಯಾಳಿ ನಗುನಗುತ್ತ ಆರು ಕಪ್ಪುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ, "ಟೀಚರಾ?" ಎಂದು ಹಿಂದಿಯಲ್ಲಿ ಕೇಳಿದ. ಹೇಗೆ ಗೊತ್ತಾಯಿತೆಂದರೆ, "ನೀವು ಆಗಿನಿಂದ ಒಬ್ಬರೇ ಮಾತಾಡ್ತಾ ಇದ್ದೀರಿ" ಎಂದ.

ಜೇಬು ಹೊಲಿದವರು

ಮರುದಿನದ ವ್ಯಾನಿನಲ್ಲಿ ಮೇರಿಯ ಕತೆ ಮುಗಿದು ಜಾಯಿಕಾಯಿ ಬಂತು. ಆ ಕಾಲದ ಯುರೋಪಿನಲ್ಲಿ ಜಾಯಿಕಾಯಿಗೆ ಎಂಥ ಬೆಲೆ ಎಂದು ಹೇಳುತ್ತ ಹಿಲ್ಡಾ ಸ್ವರ ತಗ್ಗಿಸಿದಳು.

"ಆಮ್‌ಸ್ಟರ್‌ಡಾಮ್ ಬಂದರಲ್ಲಿ ಮೂಟೆ ಹೊರುವವರ ಅಂಗಿಗೆ ಜೇಬೇ ಇಲ್ಲ. ಇದ್ದ ಜೇಬನ್ನು ಕಂಪನಿಯವರು ಹೊಲಿದು ಬಿಡ್ತಿದ್ರು. ಒಂದು ಕಾಯಿ ಜೇಬಿಗೆ ಬಿದ್ರೆ ಅವನ ಮನೆಯವರು ಇಡೀ ವರ್ಷ ಕೂತು ಉಣ್ಬಹುದು."

"ನಮ್ಮ ಗೇಟಿನ ಹಾಗೇ" ಎಂದ ಸುರೇಶ. "ನಮ್ಮದು ಜೇಬು ಹೊಲಿಲಿಕ್ಕಿಲ್ಲ, ಬ್ಯಾಗು ತೆಗ್ದು ತೋರ್ಸುದು."

ಎಲ್ಲರೂ ನಕ್ಕರು. ಸವಿತಾ ತನ್ನ ಚೂಡಿದಾರಕ್ಕೆ ಜೇಬಿಲ್ಲದ ಕಾರಣ ಈಗ ಗೊತ್ತಾಯಿತು ಎಂದಳು. ಮತ್ತೆ ನಕ್ಕರು. ಆ ನಗು ನನ್ನ ಹೊಟ್ಟೆಯಲ್ಲಿ ಎಲ್ಲಿ ತಾಗಿತೋ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಅದು ಆಮ್‌ಸ್ಟರ್‌ಡಾಮ್ ಅಲ್ಲ ಹಿಲ್ಡಾ. ಲಂಡನ್ ಅಂತ ಹೇಳ್ತಾರೆ. ಅದಕ್ಕೂ ಗಟ್ಟಿ ಆಧಾರ ಇಲ್ಲ. ಮತ್ತೆ ನಿನ್ನೆಯ ಮೇರಿ ಅಂತ ಯಾರೂ ಇರ್ಲಿಲ್ಲ."

"ಹೌದಾ?" ಎಂದಳು ಹಿಲ್ಡಾ. ಅಷ್ಟೇ.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಜಾಯಿಕಾಯಿಯ ನಿಜವಾದ ಸಂಗತಿ ಏನೆಂದರೆ ಎಂದು ಶುರುಮಾಡಿ, ಡಚ್ಚರ ವ್ಯಾಪಾರ ಕಂಪನಿಗೆ ಪಾಲು ಬಂಡವಾಳ ಹೇಗೆ ಕೂಡಿತು, ಪಾಲನ್ನು ಹೇಗೆ ಮಾರುತ್ತಿದ್ದರು, ವಿದ್ವಾಂಸರಲ್ಲಿ ಈ ಬಗ್ಗೆ ಇರುವ ಎರಡು ಅಭಿಪ್ರಾಯಗಳು ಯಾವುವು ಎಂದು ಹೇಳುತ್ತ ಹೋದೆ. ಎರಡನೆಯ ಅಭಿಪ್ರಾಯಕ್ಕೆ ಬರುವಾಗ ಸುರೇಶ ಮುಂದಕ್ಕೆ ತಿರುಗಿ ಇಯರ್‌ಫೋನ್ ಸಿಕ್ಕಿಸಿದ್ದ. ಸವಿತಾ ಕಿಟಕಿಗೆ ತಲೆಯಾನಿಸಿದ್ದಳು.

"ಟೀಚರ್, ಎಸಿ ಸರಿ ಬರ್ತಾ ಉಂಟಾ ನಿಮ್ಗೆ?" ಎಂದು ಅಬೂಬಕ್ಕರ್ ಮೆಲ್ಲಗೆ ಕೇಳಿದರು. ಬರುತ್ತಿದೆ ಎಂದೆ. ಅವರು ರೇಡಿಯೋ ಹಾಕಿದರು.

ಅಂದು ಸಂಜೆ ಮರಳುವಾಗ ಹಿಲ್ಡಾ ಜಪಮಾಲೆ ಹಿಡಿದು ಕಣ್ಣು ಮುಚ್ಚಿದವಳು ದುಬೈ ಬರುವ ತನಕ ತೆರೆಯಲಿಲ್ಲ. ಮರುದಿನ ಬೆಳಿಗ್ಗೆಯೂ ಹಾಗೇ. ಸುರೇಶ ಒಂದೆರಡು ಸಲ ತಿರುಗಿ ನೋಡಿದ. ಹಿಲ್ಡಾ ಜಪಮಾಲೆ ಮುಂದುವರಿಸಿದಳು. ಅವಳ ಕತೆಯನ್ನು ನಾನು ಕೆಡಿಸಿದ್ದೆ, ಆದರೆ ಅದರ ಜಾಗಕ್ಕೆ ನನ್ನದು ಬಂದು ಕೂರಲಿಲ್ಲ.

ಕರಾಮ, ಅಡುಗೆಮನೆ

ಹಿಲ್ಡಾ ಬಂಗುಡೆ ಕಾಯಿಸುತ್ತಿದ್ದಳು. ಲಾರೆನ್ಸ್ ಶಿಫ್ಟಿಗೆ ಹೋಗಿದ್ದ. ನಾನು ನೀರುಳ್ಳಿ ಹೆಚ್ಚುತ್ತ ನಿಂತಿದ್ದೆ, ಮಾತಾಡದೆ. ಮಾತಾಡದೆ ಇರುವುದು ನಮ್ಮಿಬ್ಬರಿಗೂ ಅಭ್ಯಾಸವಿಲ್ಲ.

"ನಿಂಗೆ ಎಂತ ಆಗಿದೆ ಜಯಾ?" ಎಂದಳು, ಬಾಣಲೆಯಿಂದ ಕಣ್ಣೆತ್ತದೆ.

"ನೀನು ತಪ್ಪು ಹೇಳ್ತಿದ್ದಿ."

"ತಪ್ಪೇ ಇರ್ಬಹುದು. ನಾನು ಅಕೌಂಟ್ಸ್ ಹೇಳಿದವಳು. ನೀನು ಉಣ್ಣುವಾಗ ಹೇಳಿದ್ದು ಅರ್ಧ ನೆನಪುಂಟು, ಉಳಿದದ್ದು ನಾನೇ ಸೇರ್ಸುದು. ವ್ಯಾನಿಗೆ ಸೇರಿದ ಹೊಸತರಲ್ಲಿ ಎಲ್ಲ ಕಣ್ಣು ಮುಚ್ಚಿ ಕೂರ್ತಿದ್ರು. ನಿದ್ರೆ ಅಲ್ಲ, ಊರಿನ ಚಿಂತೆ. ಒಬ್ರ ಮುಖ ಒಬ್ರು ನೋಡ್ಲಿಕ್ಕಿಲ್ಲ. ಒಂದು ದಿನ ಎದುರು ಆ್ಯಕ್ಸಿಡೆಂಟ್ ಆಗಿ ರಸ್ತೆ ಬಂದ್. ಬೋರ್ ಆಗ್ತದೆ ಅಂತ ಸುರೇಶನಿಗೆ ನಿನ್ನ ವೆನಿಸ್ಸಿನ ಕತೆ ಹೇಳಿದೆ. ರಸ್ತೆ ಬಿಟ್ಟ ಮೇಲೂ ಅವ ಬಿಡ್ಲಿಲ್ಲ." ಮೀನು ಮಗುಚಿದಳು. "ಇವರಿಗೆ ನೀನು ಗೊತ್ತುಂಟು. ನನ್ನ ಫ್ರೆಂಡ್ ಜಯಂತಿ ಹೇಳಿದ್ದು ಅಂತಲೇ ನಾನು ಶುರು ಮಾಡಿದ್ದು."

ನೀರುಳ್ಳಿಯಿಂದ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಒಳ್ಳೆಯದೇ ಆಯಿತು.

"ನಂಗೆ ಹೊಟ್ಟೆಕಿಚ್ಚು ಹಿಲ್ಡಾ" ಎಂದೆ.

"ಗೊತ್ತುಂಟು. ಬಂದ ದಿನದಿಂದ ಗೊತ್ತುಂಟು. ಬ್ರೆಡ್ಡು ಬಂದಾಗಲೇ ನಿನ್ನ ಮುಖ ನೋಡಿದ್ದೆ. ಆ ತಟ್ಟೆ ಕೊಡು."

ನನಗೆ ಸಿಟ್ಟು ಬಂತು. ಇವಳಿಗಾದರೂ ನನ್ನ ಡಾಕ್ಟರೇಟಿನ ಮೇಲೆ, ನನ್ನ ಪಿಂಚಣಿಯ ಮೇಲೆ, ಸಂಜೆ ನಾಲ್ಕಕ್ಕೆ ಮನೆ ಸೇರುವ ನನ್ನ ಭಾಗ್ಯದ ಮೇಲೆ ಒಂದು ಚೂರು ಹೊಟ್ಟೆಕಿಚ್ಚು ಇದ್ದಿದ್ದರೆ ಸಮಾಧಾನವಾಗುತ್ತಿತ್ತು. ಅವಳಿಗೆ ಇರಲಿಲ್ಲ. ನನ್ನ ಪತ್ರಿಕೆ ನಿಂತುಹೋಗುವ ಸುದ್ದಿಯನ್ನು ಆಗ ಹೇಳಿದೆ. ಅವಳು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಾಳೆ ನೀನೇ ಹೇಳು. ನಾಳೆ ಸಂಜೆ ನಿನ್ನ ಫ್ಲೈಟ್ ಅಲ್ವಾ? ಬೆಳಿಗ್ಗೆ ನಮ್ಮೊಟ್ಟಿಗೆ ಬಾ, ಅಬೂಬಕ್ಕರ್ ನಾಳೆ ಖಾಲಿ ವ್ಯಾನಲ್ಲಿ ಬೇಗ ವಾಪಸ್ ಬರ್ಲಿಕ್ಕುಂಟು. ಮುಸಫ್ಫಾ ತನಕ ರಸ್ತೆ ನಿಂದು."

"ಅವರು ಪುನಃ ಇಯರ್‌ಫೋನ್ ಹಾಕ್ತಾರೆ."

"ಹಾಕಿದ್ರೆ ಹಾಕ್ಲಿ. ಆದ್ರೆ ಆ ಎರಡು ಅಭಿಪ್ರಾಯ ಮಾತ್ರ ಬೇಡ ಮಾರಾಯ್ತಿ."

ಊಟವಾದ ಮೇಲೆ ಮಲಗಿದೆ, ನಿದ್ದೆ ಹತ್ತಲಿಲ್ಲ. ಕಾಲೇಜಿನಲ್ಲಿ ಯಾರೂ ಕೇಳದಿದ್ದರೆ ಪಠ್ಯಕ್ರಮವನ್ನು ಬೈಯಬಹುದು, ಮೊಬೈಲನ್ನು ಬೈಯಬಹುದು, ಈಗಿನ ಮಕ್ಕಳನ್ನು ಬೈಯಬಹುದು. ಈ ವ್ಯಾನಿನವರು ಕೇಳುವವರೆಂದು ನನಗೆ ಗೊತ್ತಾಗಿದೆ. ನಾಳೆ ಅವರೂ ಕೇಳದಿದ್ದರೆ ತಪ್ಪು ನನ್ನದೊಬ್ಬಳದೇ ಆಗುತ್ತದೆ.

ಮುಸಫ್ಫಾ

ಹೆದ್ದಾರಿ ಸಿಕ್ಕಿತು. ಹಿಲ್ಡಾ, "ಇವತ್ತು ಜಯಂತಿ ಟೀಚರ್ ಹೇಳ್ತಾರೆ" ಎಂದಳು. ಅಬೂಬಕ್ಕರ್ ರೇಡಿಯೋ ಆರಿಸಿದರು, ಮರ್ಯಾದೆಗೆ. ಸುರೇಶ ಇಯರ್‌ಫೋನನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡ, ಬೇಕಾದರೆ ತಟ್ಟನೆ ಸಿಗುವಂತೆ.

ಏನು ಹೇಳುವುದೆಂದು ನಾನು ಗೊತ್ತುಮಾಡಿಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಆ್ಯಂಟ್‌ವರ್ಪ್.

"ಆಮ್‌ಸ್ಟರ್‌ಡಾಮಿಗೆ ಹೆಸರೇ ಇಲ್ಲದ ಕಾಲದಲ್ಲಿ ಆ್ಯಂಟ್‌ವರ್ಪ್ ಅಂತ ಒಂದು ಪೇಟೆ. ಸಮುದ್ರದಿಂದ ಒಳಗೆ, ನದಿಯ ದಡದಲ್ಲಿ. ನಮ್ಮ ಮೆಣಸು ಅಲ್ಲಿಗೆ, ಇಂಗ್ಲೆಂಡಿನ ಬಟ್ಟೆ ಅಲ್ಲಿಗೆ, ಜರ್ಮನಿಯ ಬೆಳ್ಳಿ ಅಲ್ಲಿಗೆ. ಎಲ್ಲ ಭಾಷೆಯವರೂ ಒಂದೇ ಚೌಕದಲ್ಲಿ ನಿಂತು ವ್ಯಾಪಾರ ಮಾಡುದು."

"ಕರಾಮದ ಹಾಗೆ" ಎಂದರು ಯಾರೋ ಹಿಂದಿನಿಂದ.

"ಕರಾಮದ ಹಾಗೇ. ಮತ್ತೆ ಯುದ್ಧ ಬಂತು, ಮುತ್ತಿಗೆ ಬಂತು. ಊರು ಸ್ಪೇನಿನ ರಾಜನ ಕೈಗೆ ಬಿತ್ತು. ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಬಡಗಲಾಗಿ ಹೋದ್ರು. ಹೋದದ್ದು ಎಲ್ಲಿಗೆ? ಆಮ್‌ಸ್ಟರ್‌ಡಾಮಿಗೆ. ಕೈಯಲ್ಲಿ ಹಣ, ತಲೆಯಲ್ಲಿ ಕಸುಬು, ಬಾಯಲ್ಲಿ ನಾಲ್ಕು ಭಾಷೆ. ಅವರು ಬಂದದ್ದೇ ಆಮ್‌ಸ್ಟರ್‌ಡಾಮ್ ಎದ್ದು ನಿಂತಿತು."

"ನಮ್ಮಂಥವರು" ಎಂದಳು ಸವಿತಾ.

"ಈಗ ನೋಡಿ. ಆ್ಯಂಟ್‌ವರ್ಪಿನ ನದಿ ಸಮುದ್ರಕ್ಕೆ ಸೇರುವ ಜಾಗ, ಅಳಿವೆ, ಅದು ಡಚ್ಚರ ಕೈಯಲ್ಲಿ. ಅವರು ಎಂತ ಮಾಡಿದ್ರು? ಅಳಿವೆಯನ್ನು ಮುಚ್ಚಿದ್ರು. ದೊಡ್ಡ ಹಡಗು ಯಾವುದೂ ಮೇಲೆ ಹೋಗುವ ಹಾಗಿಲ್ಲ. ಯುದ್ಧ ಅಂದ್ಮೇಲೆ ಸರಿ, ಹಾಗೆ ಮಾಡ್ತಾರೆ. ಆದ್ರೆ ಯುದ್ಧ ಮುಗಿದ್ಮೇಲೂ ತೆಗೀಲಿಲ್ಲ. ರಾಜಿ ಮಾಡಿಕೊಳ್ಳುವ ವೇಳೆಗೆ ಕಾಗದದಲ್ಲೇ ಬರೆಸಿದ್ರು, ನದಿ ಮುಚ್ಚಿಯೇ ಇರ್ಬೇಕು ಅಂತ."

"ಹಳೇ ಬಂದರಿಗೆ ಹಡಗು ಬಿಡದೆ ಎಲ್ಲ ಪಣಂಬೂರಿನ ಹೊಸ ಬಂದರಿಗೇ ಬರ್ಲಿ ಅಂದ ಹಾಗಾಯ್ತು" ಎಂದ ಸುರೇಶ. ಅವನು ಪೂರ್ತಿ ಹಿಂದಕ್ಕೆ ತಿರುಗಿ ಕೂತದ್ದನ್ನು ನಾನು ಆಗ ಗಮನಿಸಿದೆ.

"ಆಮ್‌ಸ್ಟರ್‌ಡಾಮಿಗೆ ಆಗ ಕಡಿಮೆ ಎಂತ ಇತ್ತು? ಎಂತದ್ದೂ ಇಲ್ಲ. ಲೋಕದ ಮೆಣಸೆಲ್ಲ ಅಲ್ಲೇ. ಮನೆ ಮನೆಯಲ್ಲಿ ಪಿಂಗಾಣಿ. ಆದ್ರೂ ಹೊಟ್ಟೆಯೊಳಗೆ ಒಂದು ಹೆದರಿಕೆ. ಈ ಬಾಗಿಲು ತೆಗೆದ್ರೆ, ಜನ ನಮ್ಮನ್ನು ಬಿಟ್ಟು ಪುನಃ ಅಲ್ಲಿಗೇ ಹೋದ್ರೆ? ನಾವು ಇಷ್ಟು ದಿನ ದೊಡ್ಡವರಾದದ್ದು ಅವರ ಸರಕಿನಿಂದ ಅಂತ ಎಲ್ರಿಗೂ ಗೊತ್ತಾದ್ರೆ? ತಮ್ಮ ಮನೆ ತುಂಬಿದ್ರೂ ಆಚೆ ಮನೆಗೆ ಯಾರು ಹೋಗ್ತಾರೆ ಅಂತ ನೋಡ್ತಾ ಕೂರುದು ಉಂಟಲ್ಲ, ಅದು."

ಈ ಮಾತು ಯಾವ ಪುಸ್ತಕದ್ದೂ ಅಲ್ಲ. ಬಂದಾಗಿನಿಂದ ನನ್ನ ಹೊಟ್ಟೆಯಲ್ಲಿದ್ದದ್ದು. ಹೇಳುತ್ತಿದ್ದ ಹಾಗೆ ಹಿಲ್ಡಾಳ ಕಡೆ ನೋಡಿದೆ. ಅವಳು ಬಾಯಿ ಸ್ವಲ್ಪ ತೆರೆದು, ಸೀಟಿನ ಅಂಚಿಗೆ ಬಂದು ಕೇಳುತ್ತಿದ್ದಳು. ಬುತ್ತಿಯೆದುರು ಅವಳು ಹಾಗೆ ಎಂದೂ ಕೇಳಿರಲಿಲ್ಲ. ನನಗೆ ಮೈ ಬಿಸಿಯಾಯಿತು. ಆ್ಯಂಟ್‌ವರ್ಪಿನ ಖಾಲಿ ಕಟ್ಟೆ, ಕೆಲಸವಿಲ್ಲದ ಹಮಾಲರು, ಹೊಳೆ ಕಣ್ಣೆದುರೇ ಹರಿಯುತ್ತಿದ್ದರೂ ಹಡಗು ಕಾಣದೆ ಬೆಳೆದ ಮಕ್ಕಳು, ಎಲ್ಲವನ್ನೂ ಹೇಳಿದೆ. ಕೈಯಲ್ಲಿ ಟಿಪ್ಪಣಿ ಇರಲಿಲ್ಲ, ಬೇಕೆಂದು ಅನಿಸಲೂ ಇಲ್ಲ.

ವ್ಯಾನು ಮುಸಫ್ಫಾದ ಗೇಟಿನೆದುರು ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಯಾರೂ ಇಳಿಯಲಿಲ್ಲ.

"ಟೀಚರ್, ಮತ್ತೆ ಆ ನದಿ ಬಿಟ್ರಾ, ಇಲ್ವಾ?" ಎಂದ ಸುರೇಶ.

ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಕಾವಲಿನವನು ಸೀಟಿ ಊದಿ ವ್ಯಾನಿನ ಬಾನೆಟ್ಟಿಗೆ ಬಡಿದ. ಹಿಂದೆ ಟ್ರೇಲರ್ ಲಾರಿಗಳು ಹಾರನ್ ಹಾಕುತ್ತಿದ್ದವು. "ಯಲ್ಲಾ, ಯಲ್ಲಾ, ಇಳೀರಿ" ಎಂದರು ಅಬೂಬಕ್ಕರ್. ಎಲ್ಲರೂ ಬ್ಯಾಗು ಹುಡುಕುತ್ತ ದಡಬಡ ಇಳಿದರು.

"ಸಂಜೆ ಹೇಳಿ ಮೇಡಂ, ಮರೀಬೇಡಿ" ಎಂದಳು ಸವಿತಾ ಹೊರಗಿನಿಂದ.

"ಸಂಜೆ ನಾನು ಇರುದಿಲ್ಲ. ಇವತ್ತೇ ಊರಿಗೆ ಹೊರಡ್ತೇನೆ."

"ಹೌದಾ? ಛೆ" ಎಂದ ಸುರೇಶ. ಅವನ ಮುಖ ನಿಜವಾಗಿ ಸಣ್ಣದಾಯಿತು. ನನಗೆ ಅಷ್ಟು ಸಂತೋಷವಾದದ್ದು ಯಾವಾಗ ಎಂದು ನೆನಪಿಲ್ಲ. ಆಮೇಲೆ ಅವನು ಹಿಲ್ಡಾಳ ಕಡೆ ತಿರುಗಿ, "ಸಂಜೆ ನೀವು ಹೇಳಿ ಮುಗ್ಸಿ ಹಿಲ್ಡಾಬಾಯಿ" ಎಂದ. ಅವಳು ತಲೆಯಾಡಿಸಿದಳು. ಇಬ್ಬರೂ ಮಾತಾಡುತ್ತ ಗೇಟಿನೊಳಗೆ ಹೋದರು.

ಮರಳುವ ರಸ್ತೆ

ವ್ಯಾನಿಗೆ ಏನೋ ಸಣ್ಣ ರಿಪೇರಿ ಇದ್ದುದರಿಂದ ಅಬೂಬಕ್ಕರ್ ಅಂದು ಖಾಲಿ ಗಾಡಿಯಲ್ಲೇ ದುಬೈಗೆ ಮರಳುವವರಿದ್ದರು. ನಾನು ಸುರೇಶನ ಸೀಟಿನಲ್ಲಿ ಕೂತೆ. ಇಡೀ ರಸ್ತೆ ಇದೆ, ಇವರಾದರೂ ಇದ್ದಾರಲ್ಲ ಎಂದು ಖುಷಿಯಾಯಿತು.

"ನಿಮ್ಗೆ ಹೇಳ್ತೇನೆ, ಮತ್ತೆ ನದಿ ಎಂತ ಆಯ್ತು ಅಂತ" ಎಂದೆ.

"ಬೇಡ ಟೀಚರ್" ಎಂದರು ಅಬೂಬಕ್ಕರ್, ತುಂಬಾ ವಿನಯದಿಂದ. "ಸಂಜೆ ಎಲ್ಲರೊಟ್ಟಿಗೆ ಕೇಳ್ತೇನೆ. ಹಿಲ್ಡಾಬಾಯಿ ಹೇಳ್ತಾರಲ್ಲ. ಈಗ ಕೇಳಿದ್ರೆ ಸಂಜೆಗೆ ಎಂತ ಉಂಟು?"

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಲ್ಡಾಳ ಮೆಸೇಜ್ ಬಂತು. 'ಸುರೇಶ ಬಿಡುದಿಲ್ಲ. ನದಿ ತೆಗೆದ್ರಾ? ಬೇಗ ಹೇಳು, ಸಂಜೆಗೆ ಬೇಕು.'

ಫೋನನ್ನು ಮಡಿಲಲ್ಲಿಟ್ಟುಕೊಂಡೆ. ಅವಳಿಗೆ ಉತ್ತರ ಗೊತ್ತಿಲ್ಲ, ನಾನು ಬುತ್ತಿಯೆದುರು ಆ ಭಾಗಕ್ಕೆ ಎಂದೂ ಬಂದಿರಲಿಲ್ಲ. ನಾನು ಹೇಳದಿದ್ದರೆ ಸಂಜೆ ವ್ಯಾನಿನಲ್ಲಿ ಅವಳಿಗೆ ಮಾತಿಲ್ಲ. ಆ ನದಿ ಜಯಂತಿ ಟೀಚರ್ ಬಿಟ್ಟುಹೋದ ಜಾಗದಲ್ಲೇ ನಿಂತಿರುತ್ತದೆ, ಹೆದ್ದಾರಿ ಸಿಕ್ಕಿದಾಗಲೆಲ್ಲ ಅವರಿಗೆ ನನ್ನ ನೆನಪಾಗುತ್ತದೆ. ಈ ಯೋಚನೆ ಬಹಳ ಹಿತವಾಗಿತ್ತು. ರಸ್ತೆಯ ಎರಡೂ ಬದಿಯ ಮರಳು, ಸಾಲು ಖರ್ಜೂರದ ಮರ, ಬೇಲಿಯಾಚೆಯ ಒಂಟೆ, ಎಲ್ಲವನ್ನೂ ನೋಡುತ್ತ ಬಹಳ ದೂರದವರೆಗೆ ಆ ಹಿತವನ್ನು ಅನುಭವಿಸಿದೆ. ಮೆಸೇಜ್ ಇನ್ನೊಂದು ಬಂತು. 'ಎಲ್ಲಿದ್ದಿ?' ಎಂದು.

ಕೊನೆಗೆ ಫೋನೆತ್ತಿ ದನಿ ರೆಕಾರ್ಡ್ ಮಾಡತೊಡಗಿದೆ. "ಹಿಲ್ಡಾ, ಕೇಳು, ಆ ನದಿಯನ್ನು" ಎನ್ನುವಷ್ಟರಲ್ಲಿ ಅಬೂಬಕ್ಕರ್ ಕೈ ಚಾಚಿ ರೇಡಿಯೋ ಹಾಕಿದರು. ನಾನು ಸ್ವರ ಏರಿಸಿದೆ. ಅವರು ರೇಡಿಯೋ ಏರಿಸಿದರು. ಕಣ್ಣು ರಸ್ತೆಯ ಮೇಲೇ ಇತ್ತು, ತುಟಿಯಲ್ಲಿ ಕ್ಷಮೆ ಕೇಳುವಂಥ ನಗು. ಹಾಗೇ ಕೂಗಿ ಕೂಗಿ ಮುಗಿಸಿ ಕಳಿಸಿದೆ. ಕೂಡಲೇ ಉತ್ತರ ಬಂತು. 'ಬರೀ ರೇಡಿಯೋದ ಪದ್ಯ ಕೇಳ್ತದೆ. ಇನ್ನೊಮ್ಮೆ ಹೇಳು.'

"ಸ್ವಲ್ಪ ಗಾಡಿ ನಿಲ್ಸಿ" ಎಂದೆ.

ಅವರು ಒಂದು ಪೆಟ್ರೋಲ್ ಬಂಕಿನ ಬದಿಗೆ ನಿಲ್ಲಿಸಿದರು. "ನಾನು ಚಾ ಕುಡ್ದು ಬರ್ತೇನೆ, ನೀವು ಆರಾಮಲ್ಲಿ ಹೇಳಿ" ಎಂದು ಇಳಿದು ಹೋದರು. ನಾನು ವ್ಯಾನಿನ ನೆರಳಿನಲ್ಲಿ ನಿಂತು ಮೊದಲಿಂದ ಹೇಳಿದೆ. ಸುಮಾರು ಇನ್ನೂರು ವರ್ಷ ಆ ಬಾಗಿಲು ಮುಚ್ಚಿಯೇ ಇದ್ದದ್ದು, ಆಮ್‌ಸ್ಟರ್‌ಡಾಮಿನವರು ತಾವಾಗಿ ಎಂದೂ ತೆಗೆಯದೇ ಇದ್ದದ್ದು, ಕೊನೆಗೆ ಫ್ರಾನ್ಸಿನ ಸೈನ್ಯ ಬಂದು ತೆಗೆಸಿದ್ದು. ಮೊದಲ ದೊಡ್ಡ ಹಡಗು ಹೊಳೆಯಲ್ಲಿ ಮೇಲೆ ಬರುವಾಗ ದಡದಲ್ಲಿ ಯಾರು ಯಾರು ನಿಂತಿದ್ದರೆಂದು ಯಾವ ದಾಖಲೆಯಲ್ಲೂ ನಾನು ಓದಿಲ್ಲ. ಆದರೂ ನಿಂತವರನ್ನೆಲ್ಲ ಹೇಳಿದೆ. ಮುದುಕನೊಬ್ಬ ಮೊಮ್ಮಗಳನ್ನು ಹೆಗಲಿಗೆ ಏರಿಸಿದ್ದನ್ನೂ ಹೇಳಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೆನ್ನಾಗಿ ನಾನು ಹೇಳಿದ್ದೇ ಇಲ್ಲ. ಅಲ್ಲಿ ಕೇಳಬಹುದಾಗಿದ್ದವರು ಒಬ್ಬರೇ. ಅವರು ಅಂಗಡಿಯ ಆ ತುದಿಯಲ್ಲಿ, ಸಂಜೆ ಹಿಲ್ಡಾಳ ಬಾಯಿಂದಲೇ ಕೇಳಬೇಕೆಂದು, ನನಗೆ ಬೆನ್ನು ಹಾಕಿ ನಿಂತು ಚಹಾ ಕುಡಿಯುತ್ತಿದ್ದರು.